ಜಂಟಿ ಮಹಜರು

ಮಲ್ಲಿಕಾರ್ಜುನಯ್ಯನವರು ಪರರ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ ಎಂಬುದು ಮಾಯಸಂದ್ರ ಹೋಬಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು. ಬಗಲಿಗೆ ಚೀಲ, ಚೀಲದಲ್ಲಿ ಮನೆಯ ನೀರಿನ ಬಾಟಲಿ, ಬಾಟಲಿಯ ಪಕ್ಕದಲ್ಲಿ ಸ್ಟಾಂಪ್ ಪ್ಯಾಡು. ಬೀಗರ ಮನೆಗೆ ಹೋದಾಗಲೂ ಆ ಬಾಟಲಿಯನ್ನೇ ತೆಗೆದು ಕುಡಿದು, ಹೆಂಡತಿ ಗಿರಿಜಾಂಬಿಕಾ ತಲೆ ತಗ್ಗಿಸುವಂತೆ ಮಾಡಿದ್ದರು.

"ಬೀಗರೇನು ನಿಮ್ಮ ಹತ್ರ ಕೇಸು ಹಾಕಿದಾರೇನ್ರೀ?" ಎಂದು ಆಕೆ ದಾರಿಯುದ್ದಕ್ಕೂ ಕೇಳಿದ್ದರು.

"ಮುಂದೆ ಹಾಕಬಹುದು" ಎಂದಿದ್ದರು ಇವರು.

ಅಂಥವರು ತೆಂಗು ಬೆಳೆಗಾರರ ಸಂಘದ ನ್ಯಾಯದರ್ಶಿಯಾಗಿ ಆಯ್ಕೆಯಾದದ್ದು ಯಾರಿಗೂ ಆಶ್ಚರ್ಯ ತರಲಿಲ್ಲ. ಅವರಿಗಂತೂ ತರಲೇ ಇಲ್ಲ.

ಈ ನ್ಯಾಯದರ್ಶಿ ಎಂಬುದು ಸಂಘ ಕಟ್ಟಿದ ಹಿರಿಯರ ಏರ್ಪಾಡು. ಕೋರ್ಟಿಗೆ ಹೋದರೆ ದಾವೆ ಹಾಕಿದ ದಿನ ನೆಟ್ಟ ಸಸಿ ಕಾಯಿ ಬಿಟ್ಟು, ಮುಪ್ಪಾಗಿ, ತೊಲೆಯಾದರೂ ತೀರ್ಪು ಬರುವುದಿಲ್ಲವೆಂದು ಕಂಡ ಅವರು, ಸದಸ್ಯರ ಜಗಳವನ್ನು ಸದಸ್ಯರೇ ಆರಿಸಿದ ಒಬ್ಬ ಮನುಷ್ಯ ತೊಂಬತ್ತು ದಿನದೊಳಗೆ ತೀರಿಸಬೇಕು ಎಂದು ಬೈಲಾದಲ್ಲಿ ಬರೆದಿದ್ದರು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಸಾವಿರದ ನಾನೂರು ಮತ. ಸಂಘದ ಹಿಂದಿನ ಖಾಲಿ ಜಾಗವನ್ನು ಹಸಿರುಗರಿ ಎಂಬ ಕಂಪನಿ ಗುತ್ತಿಗೆಗೆ ಹಿಡಿದು ತೆಂಗಿನ ನಾರಿನ ಪುಡಿಯನ್ನು ತೊಳೆದು, ಇಟ್ಟಿಗೆಯಂತೆ ಒತ್ತಿ, ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿ ಹಾಕಿದಾಗಲೂ ಗುತ್ತಿಗೆ ಪತ್ರದಲ್ಲಿ ಅದೇ ಷರತ್ತು ಸೇರಿತ್ತು: ಸದಸ್ಯರಿಗೂ ಕಂಪನಿಗೂ ತಕರಾರು ಬಂದರೆ ನ್ಯಾಯದರ್ಶಿಯ ಮಾತೇ ಕೊನೆ. ಕಂಪನಿಯವರು ಆ ಷರತ್ತನ್ನು ಓದಿ, ನಕ್ಕು, ರುಜು ಹಾಕಿದ್ದರು.

ಆಗ ನ್ಯಾಯದರ್ಶಿಯಾಗಿದ್ದವನು ಗಂಗಯ್ಯ. ಓದಿದ್ದು ಏಳನೇ ಕ್ಲಾಸು. ಅವನ ವಿಚಾರಣೆಯೆಂದರೆ ಜಾಗಕ್ಕೆ ಹೋಗುವುದು, ಮಣ್ಣು ಮುಟ್ಟುವುದು, ಬೇಲಿಯ ಗೂಟ ಅಲ್ಲಾಡಿಸಿ ನೋಡುವುದು, ಹೊತ್ತಾಗಿದ್ದರೆ ಯಾರು ಕರೆದರೆ ಅವರ ಮನೆಯಲ್ಲಿ ಮುದ್ದೆ ಉಣ್ಣುವುದು, ಆಮೇಲೆ "ನಿಂದು ತಪ್ಪು ಕಣ್ಲಾ" ಎಂದು ಯಾರಿಗೆ ಹೇಳಬೇಕೋ ಅವರಿಗೆ ಹೇಳುವುದು. ಕೆಲವೊಮ್ಮೆ ಮುದ್ದೆ ಇಕ್ಕಿದವನಿಗೇ ಹೇಳುತ್ತಿದ್ದ. ಫ್ಯಾಕ್ಟರಿಯ ದೂಳು ಅಟ್ಟದ ಮೇಲಿನ ಕೊಬ್ಬರಿಗೆ ಕೂರುತ್ತದೆಂದು ದೂರು ಬಂದಾಗ ಏಣಿ ಹತ್ತಿ, ಬೆರಳಲ್ಲಿ ಒರೆಸಿ, ಬೆರಳನ್ನು ಮ್ಯಾನೇಜರ್ ಮೋಹನ್ ಕುಮಾರ್ ಮೂಗಿನ ಮುಂದೆ ಹಿಡಿದಿದ್ದ. ಕಂಪನಿ ಒಂಬತ್ತು ಅಡಿ ತಗಡು ಕಟ್ಟಬೇಕಾಯಿತು. ಅಂದು ಯಾರೂ ನಗಲಿಲ್ಲ.

ಮುಂದಿನ ಚುನಾವಣೆ ಬಂತು. ತುರುವೇಕೆರೆಯಲ್ಲಿ ಪ್ರೆಸ್ಸು ಇಟ್ಟಿದ್ದ ದಯಾನಂದ, ಮಲ್ಲಿಕಾರ್ಜುನಯ್ಯನವರ ತಂಗಿ ದಾನೇಶ್ವರಿಯ ಮಗ, ಒಂದು ಭಾನುವಾರ ಬಂದು ಜಗಲಿಯ ಮೇಲೆ ಕೂತ.

"ಮಾವ, ಜನ ನಿಮ್ಮನ್ನೇ ಕೇಳ್ತಾ ಅವ್ರೆ. ಕಾನೂನು ಗೊತ್ತಿರೋರು ಕೂರ್ಬೇಕು ಅಂತಾವ್ರೆ."

"ಯಾವ ಜನ?"

"ಜನಾನೇ. ನೀವು ನಾಮಪತ್ರಕ್ಕೆ ಸೈನ್ ಮಾಡಿ, ಮಿಕ್ಕಿದ್ದು ನನಗೆ ಬುಡಿ."

ಅಪ್ಪನಿಲ್ಲದ ದಯಾನಂದ ಅದೇ ಜಗಲಿಯ ಮೇಲೆ ಬೆಳೆದವನು. ಅರ್ಜಿ ಬರೆಯುವುದನ್ನು, ಹೆಸರಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದನ್ನು, ಅಂಚು ಬಿಡುವುದನ್ನು ಕಲಿಸಿದವರು ಮಾವನೇ. ಹಾಗಾಗಿ ನಂಬಿದರು. ನಂಬಿದರೂ ರಸೀದಿ ಕೇಳಿದರು. ಮತದಾರರನ್ನು ತಂದ ಹದಿನಾಲ್ಕು ಮಿನಿ ಬಸ್ಸಿಗೆ, ಮನೆಮನೆಗೆ ಹೋದ ಸ್ಟೀಲ್ ಡಬ್ಬಿಗೆ, ಎಲ್ಲಕ್ಕೂ 'ಹಿತೈಷಿಗಳ ಕೊಡುಗೆ' ಎಂದು ನಂಬರು ಹಾಕಿದ ರಸೀದಿ ಬಂತು. ನಂಬರು ಅನುಕ್ರಮವಾಗಿತ್ತು. ಹಿತೈಷಿಗಳು ಯಾರೆಂದು ಕೇಳುವುದು ಅವರಿಗೆ ಹೊಳೆಯಲಿಲ್ಲ. ಅನುಕ್ರಮವಾಗಿ ನಂಬರು ಇದ್ದ ಕಾಗದವನ್ನು ಅನುಮಾನಿಸುವ ಅಭ್ಯಾಸ ಅವರಿಗೆ ಇರಲೇ ಇಲ್ಲ.

ಗಂಗಯ್ಯ ಕಕ್ಷಿದಾರರ ಮನೆಯಲ್ಲಿ ಉಣ್ಣುವ ಫೋಟೋದ ಕರಪತ್ರವೂ ಊರೂರಿಗೆ ಹಂಚಿಹೋಯಿತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಮಲ್ಲಿಕಾರ್ಜುನಯ್ಯನವರು ಅದನ್ನು ನೋಡಿ, "ಮುದ್ರಕರ ಹೆಸರಿಲ್ಲದ್ದು ನಿಯಮಬಾಹಿರ" ಎಂದರು. ಆಮೇಲೆ ಫೋಟೋವನ್ನು ಇನ್ನೊಮ್ಮೆ ನೋಡಿ, "ಆದರೂ ಉಂಡದ್ದು ನಿಜ" ಎಂದರು. ಆರುನೂರ ಹತ್ತು ಮತದಿಂದ ಗೆದ್ದರು. ಶಲ್ಯ ಹೊದಿಸಿದಾಗ, ಒಬ್ಬ ಮನುಷ್ಯ ಮೂವತ್ತೊಂದು ವರ್ಷ ಕಾಫಿ ಕುಡಿಯದೆ ಉಳಿದದ್ದನ್ನು ಲೋಕ ಕೊನೆಗೂ ಗುರುತಿಸಿತು ಎಂದು ಅವರಿಗೆ ಅನ್ನಿಸಿತು.

ಆ ಮಾಗಿಯಲ್ಲಿ ಬಂದದ್ದು ಕೆಂಪಕ್ಕನ ದೂರು.

ಕೆಂಪಕ್ಕನದು ಫ್ಯಾಕ್ಟರಿ ಬೇಲಿಗೆ ಹೊಂದಿಕೊಂಡ ತೋಟ. ಅರವತ್ತೆರಡು ಮರ, ಮಾವನ ಕಾಲದ ಒಂದು ಬಾವಿ. ನಾರಿನ ಪುಡಿ ತೊಳೆದ ನೀರು ಬೇಲಿಯಾಚೆಯ ಗುಂಡಿಯಲ್ಲಿ ಇಂಗಿ ಬಾವಿಗೆ ಇಳಿಯುತ್ತಿದೆ, ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ನಿಂಬೆಗಾತ್ರದ ಎಳೆಗಾಯಿಗಳೆಲ್ಲ ಉದುರುತ್ತಿವೆ, ತೊಳೆಯುವುದನ್ನು ನಿಲ್ಲಿಸಿ, ಎಂಬುದು ದೂರು. ವಿಚಾರಣೆಯ ಶನಿವಾರ ಆಕೆ ಎರಡು ಲೀಟರಿನ ಜ್ಯೂಸ್ ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದಳು.

"ಇದು ನಿಮ್ಮ ಬಾವಿಯದೇ ಅನ್ನೋದಕ್ಕೆ ಏನಮ್ಮ ದಾಖಲೆ?" ಎಂದರು ನ್ಯಾಯದರ್ಶಿ.

"ದಾಖಲೆ ಯಾಕ್ ಸ್ವಾಮಿ? ಒಂದ್ ಗುಟುಕು ಕುಡೀರಿ, ಗೊತ್ತಾಯ್ತದೆ."

ಸಂಘದ ಹಾಲಿನಲ್ಲಿದ್ದವರೆಲ್ಲ ನಕ್ಕರು. ಮಲ್ಲಿಕಾರ್ಜುನಯ್ಯನವರು ನಗಲಿಲ್ಲ. ಎರಡೂ ಕಡೆಯವರು ಬಾವಿಯ ಹತ್ತಿರ ನಿಂತು, ಪಂಚರ ಎದುರಿಗೆ ನೀರು ಸೇದಿ, ಬಾಟಲಿಗೆ ಅರಗು ಒತ್ತಿ, ಕಂಡದ್ದನ್ನು ಕಂಡಂತೆ ಬರೆದು, ಎಲ್ಲರೂ ರುಜು ಹಾಕಬೇಕು. ಇದಕ್ಕೆ ಜಂಟಿ ಮಹಜರು ಎನ್ನುತ್ತಾರೆ. ಅದಿಲ್ಲದೆ ಈ ಬಾಟಲಿ ಬರೀ ಬಾಟಲಿ ಎಂದು ವಿವರಿಸಿದರು. ಮಹಜರಿಗೆ ದಿನ ಗೊತ್ತು ಮಾಡಿದರು.

ಆ ದಿನ ಕಂಪನಿಯವರು ಬರಲಿಲ್ಲ. ಮ್ಯಾನೇಜರು ಮಂಗಳೂರು ಬಂದರಿಗೆ ಹೋಗಿದ್ದಾರೆಂದು ಪತ್ರ ಬಂತು. ಇನ್ನೊಂದು ದಿನ ಗೊತ್ತಾಯಿತು. ಆಡಿಟ್ ಇದೆಯೆಂದು ಪತ್ರ ಬಂತು. ಮೂರನೆಯ ಸಲ ಮೋಹನ್ ಕುಮಾರ್ ಅತ್ತೆಗೆ ಕಣ್ಣಿನ ಆಪರೇಷನ್. ಮೂರೂ ಪತ್ರಗಳಿಗೆ ಉಲ್ಲೇಖ ಸಂಖ್ಯೆ, ಮೊಹರು, ದಿನಾಂಕ. ಮಲ್ಲಿಕಾರ್ಜುನಯ್ಯನವರಿಗೆ ಆ ಪತ್ರಗಳ ಮೇಲೆ ಒಳಗೊಳಗೇ ಗೌರವ. "ನೋಡಿ ಕಲೀಬೇಕು" ಎಂದು ಗಿರಿಜಾಂಬಿಕಾಗೆ ತೋರಿಸಿದರು.

"ಅವ್ರು ಬರ್ದಿದ್ರೆ ನೀವೊಬ್ರೇ ಹೋಗಿ ನೋಡಕ್ಕೇನ್ರೀ ದಾಡಿ? ನಡೆದ್ರೆ ಹತ್ತು ನಿಮಿಷ."

"ಒಬ್ಬನೇ ಹೋದರೆ ಅದು ಜಂಟಿ ಹೇಗಾಗತ್ತೆ?"

"ಬಾವಿಗೆ ಗೊತ್ತಾಗತ್ತಾ ಜಂಟಿಯೋ ಒಂಟಿಯೋ ಅಂತ" ಎಂದು ಆಕೆ ಒಳಗೆ ಹೋದರು.

ದಿನಗಳು ಹೋಗುತ್ತಿದ್ದವು. ತೊಂಬತ್ತು ದಿನದೊಳಗೆ ತೀರ್ಪಾಗದಿದ್ದರೆ ದೂರು ತಾನಾಗಿ ವಜಾ. ಅದೇ ದೂರನ್ನು ಮತ್ತೆ ತರುವ ಹಾಗಿಲ್ಲ. ಎಂಬತ್ತನೆಯ ದಿನದ ಹೊತ್ತಿಗೆ, ಕೊನೆಯ ಶನಿವಾರ ತಾನು ಬರೆಯಬೇಕಾದ ವಾಕ್ಯ ಅವರ ತಲೆಯಲ್ಲಿ ಸಿದ್ಧವಾಗಿತ್ತು: ದೂರುದಾರರು ತಕ್ಕ ಸಾಕ್ಷ್ಯ ಒದಗಿಸಲು ವಿಫಲರಾಗಿದ್ದಾರೆ. ಕಡತ ಪೂರ್ತಿಯಾಗಿರಲಿ ಎಂದು ಒಂದು ಕೊನೆಯ ಆದೇಶ ಮಾಡಿದರು: ನ್ಯಾಯದರ್ಶಿ ಕಚೇರಿಗೆ ಸಂಬಂಧಪಟ್ಟು ಉಭಯ ಪಕ್ಷಗಳ ಬಳಿ ಇರುವ ಎಲ್ಲ ಕಾಗದಗಳನ್ನೂ, ಒಂದನ್ನೂ ಬಿಡದೆ, ಪುಟಸಂಖ್ಯೆ ಹಾಕಿ, ನಕಲು ಸಲ್ಲಿಸತಕ್ಕದ್ದು.

ಕೆಂಪಕ್ಕ ತನ್ನಲ್ಲಿದ್ದ ಒಂದೇ ಒಂದು ಕಾಗದವನ್ನು, ದೂರು ಕೊಟ್ಟದ್ದರ ರಸೀದಿಯನ್ನು, ಅರಿಶಿನದ ಕಲೆಯಾದ ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟಳು. ಕಂಪನಿಯಲ್ಲಿ ಮೋಹನ್ ಕುಮಾರ್ ಆ ವಾರ ನಿಜವಾಗಿಯೂ ಮಂಗಳೂರಿನಲ್ಲಿದ್ದ. ಆಫೀಸಿಗೆ ಹೊಸದಾಗಿ ಸೇರಿದ್ದ ರಾಧಾಮಣಿ ಎಂಬ ಹುಡುಗಿ ಆದೇಶವನ್ನು ಎರಡು ಸಲ ಓದಿ, ಬೀರು ತೆಗೆದು, 'ನ್ಯಾಯದರ್ಶಿ' ಎಂದು ಬರೆದಿದ್ದ ಫೈಲನ್ನು ಇಡಿಯಾಗಿ ಜೆರಾಕ್ಸ್ ಮಾಡಿಸಿ, ಒಂದರಿಂದ ಅರವತ್ತೆರಡರವರೆಗೆ ನಂಬರು ಹಾಕಿ, ಪ್ರತಿ ಪುಟಕ್ಕೂ ಮೊಹರು ಒತ್ತಿ ಕಳಿಸಿದಳು. ಆದೇಶದಲ್ಲಿ ಒಂದನ್ನೂ ಬಿಡದೆ ಎಂದಿತ್ತು; ಆಕೆ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮಲ್ಲಿಕಾರ್ಜುನಯ್ಯನವರು ಕಡತ ಬಿಚ್ಚಿದರು. ಮೊದಲ ಪುಟದಿಂದಲೇ ಸಂತೋಷವಾಯಿತು. ಅಂಚು, ನಂಬರು, ಮೊಹರು. ನಲವತ್ತಾರನೇ ಪುಟದವರೆಗೂ ಸಂತೋಷವಾಗಿಯೇ ಇದ್ದರು. ನಲವತ್ತೇಳನೆಯದು ಕೈಬರಹ. ಮೇಲೆ ಅವರದೇ ಹೆಸರು. ಹೆಸರಿನ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ.

'ನಿವೃತ್ತ ಶಿರಸ್ತೇದಾರರು. ಹೆಸರು ಚೆನ್ನಾಗಿದೆ. ಲಂಚ ಮುಟ್ಟುವುದಿಲ್ಲ, ಕೊಡುವ ಅಗತ್ಯವೂ ಬೀಳುವುದಿಲ್ಲ. ಜಂಟಿ ಮಹಜರು ಇಲ್ಲದೆ ಒಂದು ಹೆಜ್ಜೆ ಮುಂದಿಡುವವರಲ್ಲ. ನಮ್ಮ ಕಡೆಯವರು ಮಹಜರಿಗೆ ಹೋಗದಿದ್ದರೆ ಸಾಕು, ತೊಂಬತ್ತು ದಿನ ತಾನಾಗಿ ಕಳೆಯುತ್ತದೆ. ಕಣ್ಣಾರೆ ಕಂಡದ್ದನ್ನೂ ಕಾಗದವಿಲ್ಲದಿದ್ದರೆ ಒಪ್ಪುವುದಿಲ್ಲ. ನನ್ನ ತಾಯಿಯ ವಿಷಯದಲ್ಲಿ ಇದನ್ನು ಖುದ್ದಾಗಿ ನೋಡಿದ್ದೇನೆ. ಇವರನ್ನು ಗೆಲ್ಲಿಸಿದ ಮೇಲೆ ಮಾತಾಡಿಸುವ ಪ್ರಮೇಯವಿಲ್ಲ. ಮಾತಾಡಿಸಲೂ ಬಾರದು.'

ನಲವತ್ತೆಂಟನೇ ಪುಟದಲ್ಲಿ ಕಂಪನಿ ಒದಗಿಸಬೇಕಾದ್ದರ ಪಟ್ಟಿ: ಮಿನಿ ಬಸ್ಸು ಹದಿನಾಲ್ಕು, ಸ್ಟೀಲ್ ಡಬ್ಬಿ ಸಾವಿರದ ನಾನೂರು, ಗಂಗಯ್ಯನ ಊಟದ ಕರಪತ್ರ ಮೂರು ಸಾವಿರ.

ಒಳಗಿನಿಂದ ತೆಂಗಿನಕಾಯಿ ತುರಿಯುವ ಸದ್ದು ಬರುತ್ತಿತ್ತು. ಅದು ನಿಂತಿತು. "ಯಾಕ್ರೀ, ತಿಂಡಿ ಎದೆಗೆ ಹತ್ತಿತೇನು?" ಎಂದು ಗಿರಿಜಾಂಬಿಕಾ ಕೂಗಿದರು. ಇವರು ಪುಟವನ್ನು ಮತ್ತೆ ಓದಿದರು. ತಪ್ಪು ಹುಡುಕಿದರು. ಒಂದೂ ಇರಲಿಲ್ಲ. ತನ್ನ ಬಗ್ಗೆ ಇಷ್ಟು ಕರಾರುವಾಕ್ಕಾಗಿ ಯಾರೂ ಈವರೆಗೆ ಬರೆದಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ತುರುವೇಕೆರೆಗೆ ಹೋದರು. ದಯಾನಂದ ಪ್ರೆಸ್ಸಿನಲ್ಲಿ ಮದುವೆ ಕಾಗದಗಳಿಗೆ ಕುಚ್ಚು ಕಟ್ಟಿಸುತ್ತಿದ್ದ. ಮಾವನ ಕೈಯಲ್ಲಿದ್ದ ಹಾಳೆ ನೋಡಿ, ಆಳುಗಳನ್ನು ಟೀ ಕುಡಿಯಲು ಕಳಿಸಿದ.

"ಕೂತ್ಕಳಿ ಮಾವ."

"ಇದು ನಿನ್ನ ಅಕ್ಷರ."

"ನೀವು ಕಲಿಸಿದ್ದು."

"ಎಷ್ಟು ಕೊಟ್ರು?"

"ಈ ಪ್ರಿಂಟಿಂಗ್ ಮಿಷನ್ ಕೊಡಿಸಿದ್ರು." ದಯಾನಂದ ಅದರ ಮೇಲೆ ಕೈಯಿಟ್ಟ. "ಆದ್ರೆ ನಾನು ಅದರಾಗೆ ಒಂದು ಸುಳ್ಳು ಬರ್ದಿದ್ರೆ ತೋರಿಸಿ, ಮಿಷನ್ ವಾಪಸ್ ಕಳಿಸ್ತೀನಿ."

"ನನ್ನ ಹೆಸರು ಮಾರಿದೆಯಲ್ಲೋ."

"ಮಾರ್ನಿಲ್ಲ ಮಾವ, ಹೊಗಳಿದೆ. ಅವ್ರು ಕೊಂಡ್ಕಂಡ್ರು." ಅವನ ದನಿ ಏರಲಿಲ್ಲ. ಏರಿದ್ದರೆ ಮಾವನಿಗೆ ಬೈಯಲು ಸುಲಭವಾಗುತ್ತಿತ್ತು. "ನಮ್ಮವ್ವ ಹತ್ತಿಪ್ಪತ್ತು ಸಲ ನಿಮ್ಮ ಬಾಗಿಲಿಗೆ ಬಂತು. ತಾತ ಸಾಯಕ್ ಮುಂಚೆ ಕಟ್ಟೆ ಮ್ಯಾಲೆ ಕೂತು, ಮೂಡ್ಲು ಕಡೆ ಇಪ್ಪತ್ ಮರ ದಾನೇಶ್ವರಿಗೆ ಅಂದ್ರು. ಅವತ್ತು ಅಲ್ಲಿ ಇದ್ದೋರು ಇಬ್ರೇ. ಒಂದು ಅವ್ವ. ಇನ್ನೊಂದು ಯಾರು ಮಾವ?"

ಮಲ್ಲಿಕಾರ್ಜುನಯ್ಯನವರು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದರು.

"ನೀವು. ಕಿವಿಯಾರೆ ಕೇಳಿದ್ರಿ. ಆಮೇಲೆ 'ಕಾಗದ ಇದ್ರೆ ತಗೊಂಬಾಮ್ಮ' ಅಂದ್ರಿ. ಆ ಮರಗಳ ಕಾಯಿ ಇವತ್ತಿಗೂ ನಿಮ್ಮ ಅಟ್ಟದ ಮೇಲೇ ಒಣಗ್ತಾವೆ. ನೀವು ಲಂಚ ತಿನ್ನೋರಲ್ಲ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಧೈರ್ಯವಾಗಿ ಬರ್ಕೊಟ್ಟೆ."

ಬಸ್ಸಿನಲ್ಲಿ ಹಿಂದಿರುಗುವಾಗ ಬಾಯಾರಿಕೆಯಾಯಿತು. ಚೀಲದಲ್ಲಿ ಬಾಟಲಿ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ಲಂಚ ಕೊಡಲು ಬಂದವನ ಮುಖಕ್ಕೆ ನೋಟು ಎಸೆಯುವುದನ್ನು ಅವರು ವರ್ಷಗಟ್ಟಲೆ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದರು. ಎಸೆಯುವ ಕೈ, ಆಡುವ ಮಾತು ಎಲ್ಲ ತಯಾರಿತ್ತು. ಈ ಜನ ಒಂದು ಲೋಟ ಕಾಫಿ ಕೂಡ ಕೊಡದೆ ಅವರನ್ನು ಇಟ್ಟುಕೊಂಡಿದ್ದರು.

ಶನಿವಾರ, ಎಂಬತ್ತೆಂಟನೆಯ ದಿನ. ಸಂಘದ ಹಾಲಿನ ಬಾಗಿಲು ತೆಗೆಯುವ ಹೊತ್ತಿಗೇ ಮೋಹನ್ ಕುಮಾರ್ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಷರ್ಟು, ನಯವಾದ ಮಾತು.

"ಸಾರ್, ನಮ್ಮ ಆಫೀಸಿನ ಹುಡುಗಿ ಗೊತ್ತಿಲ್ಲದೆ ಬೇರೆ ಕಾಗದಾನೂ ಸೇರಿಸಿಬಿಟ್ಟಿದಾಳೆ. ಅದನ್ನು ವಾಪಸ್ ತಗೋತೀನಿ."

"ಸಲ್ಲಿಸಿದ್ದು ಕಡತಕ್ಕೆ ಸೇರಿದೆ. ಕಡತದಿಂದ ಹಾಳೆ ಕೀಳೋ ಹಾಗಿಲ್ಲ."

"ನಿಮ್ಮಿಷ್ಟ." ಮೋಹನ್ ಕುಮಾರ್ ಬೇಸರವಿಲ್ಲದೆ ಕುರ್ಚಿ ಎಳೆದುಕೊಂಡ. "ಇವತ್ತು ನೀವು ಯಾವಾಗಿನ ಹಾಗೆ ನಿಯಮದ ಪ್ರಕಾರ ಬರೆದರೆ ಆ ಪುಟ ಯಾರೂ ಓದಲ್ಲ. ಸಿಟ್ಟಲ್ಲಿ ನಮ್ಮ ವಿರುದ್ಧ ಬರೆದರೆ ನಾವೇ ಅದನ್ನ ತುಮಕೂರು ಕೋರ್ಟಿಗೆ ತಗೊಂಡು ಹೋಗ್ತೀವಿ. ಈ ನ್ಯಾಯದರ್ಶಿ ಗೆದ್ದಿದ್ದೇ ಸರಿಯಿಲ್ಲ, ನೋಡಿ, ದುಡ್ಡು ನಮ್ಮದೇ, ಅಂತೀವಿ. ತೀರ್ಪು ನಿಲ್ಲತ್ತಾ ಸಾರ್? ಕಾನೂನು ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ಗೊತ್ತಿತ್ತು. ನಿಲ್ಲುತ್ತಿರಲಿಲ್ಲ.

ಹಾಲು ತುಂಬಿತು. ಕೆಂಪಕ್ಕ ಮುಂದಿನ ಸಾಲಿನಲ್ಲಿ, ಗಂಗಯ್ಯ ಕೊನೆಯಲ್ಲಿ ಕೊಬ್ಬರಿ ಚೀಲದ ಮೇಲೆ. ಮಲ್ಲಿಕಾರ್ಜುನಯ್ಯನವರು ಎದ್ದುನಿಂತು ನಲವತ್ತೇಳನೇ ಪುಟವನ್ನು ಗಟ್ಟಿಯಾಗಿ ಓದಿದರು. 'ನನ್ನ ತಾಯಿಯ ವಿಷಯದಲ್ಲಿ' ಎಂಬುದನ್ನೂ ಬಿಡದೆ ಓದಿದರು. ನಲವತ್ತೆಂಟನ್ನೂ ಓದಿದರು. ಸ್ಟೀಲ್ ಡಬ್ಬಿಯ ಮಾತು ಬಂದಾಗ ಹಾಲಿನಲ್ಲಿ ಅರ್ಧಕ್ಕರ್ಧ ಜನ ನೆಲ ನೋಡಿದರು. ಕೆಲವರು ತಂದಿದ್ದ ಬುತ್ತಿ ಆ ಡಬ್ಬಿಯಲ್ಲೇ ಇತ್ತು.

"ಡಬ್ಬಿ ಸಂಘದ್ದು ಅಂದ್ಕಂಡಿದ್ವಿ ಕಣ್ರೀ" ಎಂದಿತು ಒಂದು ದನಿ.

"ನಾನೂ ಹಾಗೇ ಅಂದುಕೊಂಡಿದ್ದೆ" ಎಂದು ಅವರು ಕೂತು, ಎರಡು ಸಾಲು ಬರೆದು, ರುಜು ಹಾಕಿ ಕಾರ್ಯದರ್ಶಿ ಈರಣ್ಣನ ಕೈಗೆ ಕೊಟ್ಟರು. "ನನ್ನ ರಾಜೀನಾಮೆ. ಕುರ್ಚಿ ಖಾಲಿ ಇರೋ ದಿನಗಳು ತೊಂಬತ್ತಕ್ಕೆ ಸೇರಲ್ಲ, ಬೈಲಾ ನೋಡಿಕೋ. ಈಯಮ್ಮನ ದೂರಿಗೆ ಇನ್ನೂ ಎರಡು ದಿನ ಇದೆ. ಮುಂದೆ ಯಾರು ಬರ್ತಾರೋ ಅವರು ತೀರಿಸಲಿ."

"ಮತ್ತೆ ಎಲೆಕ್ಷನ್ ಅಂದ್ರೆ ಮತ್ತೆ ಡಬ್ಬಿ" ಎಂದ ಈರಣ್ಣ, ಯಾರಿಗೂ ಅಲ್ಲದಂತೆ.

ಮೋಹನ್ ಕುಮಾರ್ ಮೊಬೈಲು ತೆಗೆದು ಹೊರಗೆ ಹೋದ. ಮಲ್ಲಿಕಾರ್ಜುನಯ್ಯನವರು ಅವನ ಹಿಂದೆಯೇ ಹೋಗಿ, "ಬಾವಿ ಹತ್ತಿರ ಹೋಗ್ತಿದೀವಿ. ನೀವೂ ಬನ್ನಿ" ಎಂದರು.

"ಈಗ ಯಾವ ಅಧಿಕಾರದಲ್ಲಿ ಕರೀತಿದೀರಿ ಸಾರ್?"

"ಯಾವ ಅಧಿಕಾರವೂ ಇಲ್ಲ. ಸದಸ್ಯ ನಂಬರ್ ಇನ್ನೂರ ಎಂಟು."

ಅವನು ಬರಲಿಲ್ಲ. ಇವರು ನಡೆದರು. ಹತ್ತೇ ನಿಮಿಷ. ಹಿಂದೆ ಮೂವತ್ತು ನಲವತ್ತು ಜನ. ಬೇಲಿಯ ಆಚೆ ಪಂಪು ಗುಡುಗುತ್ತಿತ್ತು. ಕೆಂಪಕ್ಕನ ಮರಗಳ ಬುಡದಲ್ಲಿ ಎಳೆಗಾಯಿ ಹಾಸಿಕೊಂಡು ಬಿದ್ದಿದ್ದವು, ಕಾಲಿಟ್ಟಲ್ಲೆಲ್ಲ ಉರುಳುತ್ತಿದ್ದವು. ಸುಳಿ ಬಾಡಿದ ಮರಗಳನ್ನು ಎಣಿಸಲು ತಲೆಯೆತ್ತಿದ ಮಲ್ಲಿಕಾರ್ಜುನಯ್ಯನವರು ಗಟ್ಟಿಯಾಗಿ ಹನ್ನೊಂದರವರೆಗೆ ಎಣಿಸಿ, ಮುಂದೆ ಎಣಿಸಲಿಲ್ಲ.

ಬಾವಿಕಟ್ಟೆಯ ಮೇಲೆ ಕೂತು ಬರೆದರು. ಉದ್ದ, ಅಗಲ, ನೀರಿನ ಬಣ್ಣ, ಬೇಲಿಯಿಂದ ದೂರ. ಕಂಪನಿಯವರು ಎಂಬ ಕಡೆ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ಬರೆದರು: ಕರೆದರೂ ಬರಲಿಲ್ಲ.

ಎರಡೇ ಪದ. ಮೂರು ತಿಂಗಳ ಕೆಳಗೆ ಇದನ್ನು ಬರೆಯಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಮಹಜರು ಅಂದರೆ ಇಬ್ಬರೂ ಇರಲೇಬೇಕು ಎಂಬುದು ಬೈಲಾದ ಮಾತಲ್ಲ, ಅವರದೇ ರೂಢಿ. ಯಾರೂ ಬೆರಳು ತೋರಿಸದ ಹಾಗೆ ಬದುಕಲು ಮಾಡಿಕೊಂಡದ್ದು.

ಕೆಂಪಕ್ಕ ಕೊಡದಲ್ಲಿ ನೀರು ಸೇದಿದಳು. ಬಾಟಲಿಗೆ ತುಂಬಿ ಅರಗು ಒತ್ತಿದ್ದಾಯಿತು. ಕೊಡದಲ್ಲಿ ಇನ್ನೂ ನೀರು ಉಳಿದಿತ್ತು. ಮಲ್ಲಿಕಾರ್ಜುನಯ್ಯನವರು ಬೊಗಸೆ ಒಡ್ಡಿದರು.

"ಬ್ಯಾಡಿ ಬುಡಿ ಸ್ವಾಮಿ, ದನಾನೂ ಮೂಸಲ್ಲ" ಎಂದಳು ಆಕೆ.

"ಹುಯ್ಯಮ್ಮ."

ಒಗರು, ಕಹಿ, ನಾಲಿಗೆಗೆ ಅಂಟುವ ಒಂದು ಕೊಳೆತ ರುಚಿ. ನುಂಗಿದರು. ಅದನ್ನೂ ಬರೆದರು. ಮೊದಲನೇ ಪಂಚನಾಗಿ ಗಂಗಯ್ಯ ತನ್ನ ಏಳನೇ ಕ್ಲಾಸಿನ ದೊಡ್ಡ ಅಕ್ಷರದಲ್ಲಿ ರುಜು ಹಾಕಿ, ಹಾಳೆಯನ್ನು ತಿರುಗಿಸಿ ಹಿಡಿದ.

"ಶಿರಸ್ತೇದಾರ್ರೇ, ಕಂಡೋರು ಅನ್ನೋ ಕಡೆ ಖಾಲಿ ಐತಲ್ಲ, ಅಲ್ಲಿ ಯಾರು?"

ಮೂವತ್ತೊಂದು ವರ್ಷ ಸಾವಿರಾರು ಜನರಿಂದ ಆ ಜಾಗದಲ್ಲಿ ರುಜು ಹಾಕಿಸಿದ್ದರು, ಹೆಬ್ಬೆಟ್ಟು ಒತ್ತಿಸಿದ್ದರು. ತಾವು ಒಂದು ದಿನವೂ ಅಲ್ಲಿ ಬರೆದವರಲ್ಲ. ಬರೆದರು. ಹೆಸರಿನ ಕೆಳಗೆ ಗೆರೆ ಎಳೆಯಲು ಸ್ಕೇಲು ಹುಡುಕಲಿಲ್ಲ.

ಕೆಂಪಕ್ಕ ಹಾಳೆಯನ್ನು ಇಸಕೊಂಡು, ಓದಲು ಬಾರದಿದ್ದರೂ ಮೇಲಿಂದ ಕೆಳಗಿನವರೆಗೂ ನೋಡಿ, ಅರಿಶಿನದ ಕಲೆಯ ಕವರಿಗೆ ಹಾಕಿಕೊಂಡಳು.

"ಇಷ್ಟೇನಾ ಸ್ವಾಮಿ?"

"ಇಷ್ಟೇ."

"ಇದನ್ನ ಆವತ್ತೇ ಬರ್ದಿದ್ರೆ ಆ ಹನ್ನೊಂದೂ ಉಳೀತಿದ್ವು ಕಣ್ರೀ" ಎಂದು ಆಕೆ ಕೊಡದ ನೀರನ್ನು ಬೇಲಿಯ ಕಡೆಗೆ ಚೆಲ್ಲಿದಳು.

ಬಾಯಿಯಲ್ಲಿ ಒಗರು ಹಾಗೇ ಇತ್ತು. ಚೀಲದಲ್ಲಿ ಮನೆಯ ನೀರಿನ ಬಾಟಲಿ ತುಂಬಿತ್ತು. ಮಲ್ಲಿಕಾರ್ಜುನಯ್ಯನವರು ಅದನ್ನು ಮುಟ್ಟದೆ, ಮನೆಯ ದಾರಿ ಬಿಟ್ಟು, ದಾನೇಶ್ವರಿಯ ಮನೆಯ ಕಡೆಗಿನ ದಾರಿಯಲ್ಲಿ ಸ್ವಲ್ಪ ದೂರ ನಡೆದರು. ಆಮೇಲೆ ನಿಂತರು. ಹೇಳಬೇಕಾದದ್ದು ಒಂದೇ ಮಾತು, ಅಪ್ಪ ಅಂದದ್ದನ್ನು ನಾನೂ ಕೇಳಿದ್ದೆ ಎಂದು. ಅದನ್ನು ಕಾಗದವಿಲ್ಲದೆ ಹೇಗೆ ಶುರುಮಾಡುವುದೆಂದು ಅವರಿಗೆ ತಿಳಿಯಲಿಲ್ಲ.